ಕಡಿಮೆ ಬಜೆಟ್‌ನ ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಭಾಗದ ಮೇಲೆ ಎಷ್ಟು ದುಡ್ಡು ಹಾಕಬೇಕು?

ನಿಮ್ಮ ಪಟ್ಟಿಯನ್ನು ಮೊದಲು ಇಲ್ಲಿ ಬರೆದುಕೊಳ್ಳುತ್ತೇನೆ. ರೈಜೆನ್ 7 5700ಎಕ್ಸ್ ಪ್ರೊಸೆಸರ್, ಅದಕ್ಕೊಂದು ಲಿಕ್ವಿಡ್ ಕೂಲರ್, 16 ಜಿಬಿಯ ಒಂದೇ ರ‍್ಯಾಮ್ ಸ್ಟಿಕ್, ಫೈಲ್‌ಗಳನ್ನು ಇಡಲು 1 ಟಿಬಿಯ ಜೆನ್ 4 (ಹೆಚ್ಚು ವೇಗದ ನಾಲ್ಕನೇ ತಲೆಮಾರಿನ) ಎಸ್‌ಎಸ್‌ಡಿ, ಮುಂದೆ ಗಾಜಿರುವ ಕ್ಯಾಬಿನೆಟ್, ಅದರ ಜೊತೆಗೇ ಬರುವ 600 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈ), ಕೊನೆಗೆ ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ ಗ್ರಾಫಿಕ್ಸ್ ಕಾರ್ಡ್. 1080ಪಿ, 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್ ಈಗಾಗಲೇ ನಿಮ್ಮ ಹತ್ತಿರ ಇದೆ. ವ್ಯಾಲರೆಂಟ್ ಆಡಬೇಕು, ಸೈಬರ್‌ಪಂಕ್ 2077 ತರದ ಭಾರಿ ಗೇಮ್‌ಗಳನ್ನೂ ಆಡಬೇಕು. ಬಜೆಟ್ ಇದಕ್ಕಿಂತ ಮೇಲೆ ಹೋಗುವುದಿಲ್ಲ. "ಈಗ ಪ್ರೊಸೆಸರ್ ಗಟ್ಟಿಯಾಗಿರಲಿ, ಕಾರ್ಡ್ ಆಮೇಲೆ ಬದಲಾಯಿಸಿಕೊಂಡರಾಯ್ತು, ಸರಿನಾ?" ಅಂತ ಕೇಳಿದ್ದೀರಿ.

ಸರಿಯಲ್ಲ. ದುಡ್ಡು ಅಷ್ಟೇ ಸಾಕು, ಆದರೆ ಅದು ಹೋಗುತ್ತಿರುವ ಜಾಗ ತಪ್ಪು.

ಗೆಳೆಯರಿಗೆ, ನೆಂಟರಿಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಾ ಬಂದಿದ್ದೇನೆ. ಮೊದಲ ಸಲ ಕೊಳ್ಳುವವರ ಪಟ್ಟಿ ಬಹಳ ಸಲ ಹೀಗೇ ಇರುತ್ತದೆ. ಪ್ರೊಸೆಸರ್ ಮೇಲೆ ಪ್ರೀತಿ ಜಾಸ್ತಿ, ಕಾರ್ಡ್‌ಗೆ ಉಳಿದಷ್ಟು. ಗೇಮ್ ಆಡುವ ಮಷೀನ್‌ನಲ್ಲಿ ಇದು ಉಲ್ಟಾ ಇರಬೇಕು. ಮಾನಿಟರ್ ಬಿಟ್ಟು ಉಳಿದ ಬಜೆಟ್‌ನಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೆ ಕಾರ್ಡ್‌ಗೇ ಹೋಗಲಿ. ಅದನ್ನು ಮೊದಲು ತೆಗೆದಿಟ್ಟು, ಮಿಕ್ಕಿದ್ದನ್ನು ಬೇರೆ ಭಾಗಗಳಿಗೆ ಹಂಚಿ.

ಯಾಕೆ ಅಂದರೆ, ಪ್ರತಿ ಫ್ರೇಮ್‌ಗೂ (ಪರದೆಯಲ್ಲಿ ಬರುವ ಒಂದೊಂದು ಚಿತ್ರಕ್ಕೂ) ಪ್ರೊಸೆಸರ್ ಮಾಡುವ ಕೆಲಸ ಲೆಕ್ಕಾಚಾರದ್ದು. ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಏನೇನು ಬಿಡಿಸಬೇಕು ಅನ್ನುವುದನ್ನು ಅದು ತೀರ್ಮಾನಿಸಿ ಕಾರ್ಡ್‌ಗೆ ಒಪ್ಪಿಸುತ್ತದೆ. ಕಾರ್ಡ್ ಆಮೇಲೆ ಪರದೆಯ ಒಂದೊಂದು ಚುಕ್ಕೆಯನ್ನೂ ಬಿಡಿಸಬೇಕು. 1080ಪಿ ಅಂದರೆ 1920 ಅಡ್ಡ, 1080 ಉದ್ದ, ಒಟ್ಟು ಸುಮಾರು 20.7 ಲಕ್ಷ ಚುಕ್ಕೆಗಳು. ಸೆಕೆಂಡಿಗೆ 60 ಫ್ರೇಮ್ ಬೇಕಾದರೆ ಇಷ್ಟನ್ನು 16.7 ಮಿಲಿಸೆಕೆಂಡ್ ಒಳಗೆ ಮುಗಿಸಬೇಕು. 144 ಬೇಕಾದರೆ ಬರೀ 6.9 ಮಿಲಿಸೆಕೆಂಡ್. ಸೈಬರ್‌ಪಂಕ್‌ನಂಥ ಗೇಮ್‌ನಲ್ಲಿ ಬೆಳಕು, ನೆರಳು, ಪ್ರತಿಬಿಂಬ ಎಲ್ಲ ಸೇರಿ ಕಾರ್ಡೇ ಸುಸ್ತಾಗುತ್ತದೆ. ಆಗ ಪ್ರೊಸೆಸರ್ ತನ್ನ ಕೆಲಸ ಮುಗಿಸಿ ಕಾಯುತ್ತಾ ಕೂತಿರುತ್ತದೆ. ಅದಕ್ಕೆ 6 ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಬದಲು 8 ಕೋರ್ ಕೊಟ್ಟರೆ ಕಾಯುವ ಕೋರ್‌ಗಳು ಎರಡು ಜಾಸ್ತಿ ಆಗುತ್ತವೆ, ಅಷ್ಟೇ.

ವ್ಯಾಲರೆಂಟ್ ಮಾತ್ರ ಬೇರೆ. ಅದು ಕಾರ್ಡ್‌ಗೆ ಹಗುರ, ಪ್ರೊಸೆಸರ್ ಮೇಲೇ ಹೆಚ್ಚು ಅವಲಂಬಿಸುತ್ತದೆ. ಆದರೆ ರೈಜೆನ್ 5 5600 ಕೂಡ ಅದರಲ್ಲಿ 144 ಫ್ರೇಮ್ ಸಲೀಸಾಗಿ ದಾಟುತ್ತದೆ. 5600 ಮತ್ತು 5700ಎಕ್ಸ್ ಎರಡೂ ಎಎಂಡಿ ಕಂಪನಿಯ ಒಂದೇ ಝೆನ್ 3 ತಲೆಮಾರಿನವು. ಎರಡರಲ್ಲೂ 32 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇದೆ. ಬೂಸ್ಟ್ (ಗರಿಷ್ಠ) ವೇಗ 5600ಕ್ಕೆ 4.4 ಗಿಗಾಹರ್ಟ್ಸ್, 5700ಎಕ್ಸ್‌ಗೆ 4.6. ನೀವು ವಿಡಿಯೋ ಎಡಿಟಿಂಗ್ ಮಾಡುವವರಾದರೆ 5700ಎಕ್ಸ್‌ನಲ್ಲಿ ಹೆಚ್ಚಿಗೆ ಇರುವ ಆ ಎರಡು ಕೋರ್ ಕೆಲಸಕ್ಕೆ ಬರುತ್ತಿದ್ದವು. ಬರೀ ಗೇಮ್‌ಗೆ 5600 ಸಾಕು. ಇನ್ನೊಂದು ಲಾಭವೂ ಇದೆ. 5600ರ ಡಬ್ಬದಲ್ಲಿ ಕೂಲರ್ ಬರುತ್ತದೆ, 5700ಎಕ್ಸ್ ಜೊತೆ ಬರುವುದಿಲ್ಲ. ಆ ಕೂಲರ್ ಸ್ವಲ್ಪ ಸದ್ದು ಮಾಡಬಹುದು, ಆದರೆ 65 ವ್ಯಾಟ್‌ನ ಪ್ರೊಸೆಸರ್‌ಗೆ ಸಾಕಾಗುತ್ತದೆ. ಲಿಕ್ವಿಡ್ ಕೂಲರ್ ಇಲ್ಲಿ ಪೂರ್ತಿ ದಂಡ. ಅದನ್ನು ಈಗಲೇ ಪಟ್ಟಿಯಿಂದ ತೆಗೆಯಿರಿ.

5600ಜಿ ಅಂತ ಇನ್ನೊಂದಿದೆ, ಅದನ್ನು ಇದೇ ಅಂದುಕೊಳ್ಳಬೇಡಿ. ಅದರೊಳಗೇ ಚಿಕ್ಕ ಗ್ರಾಫಿಕ್ಸ್ ಇದೆ, ಆದರೆ ಕ್ಯಾಶ್ 16 ಎಂಬಿ ಮಾತ್ರ, ಕಾರ್ಡ್‌ಗೆ ಸಿಗುವ ಪಿಸಿಐಇ (ಕಾರ್ಡ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿ) ಕೂಡ ಹಳೆಯ, ನಿಧಾನದ 3.0. ಕಾರ್ಡ್ ಹಾಕುವವರಿಗೆ ಅದು ಬೇಡ.

ಈಗ 6500 ಎಕ್ಸ್‌ಟಿ ವಿಷಯ. ನಿಮ್ಮ ಪಟ್ಟಿಯಲ್ಲಿ ನನಗೆ ನಿಜವಾಗಿ ಬೇಸರ ತಂದದ್ದು ಇದೇ. ಈ ಕಾರ್ಡ್‌ನಲ್ಲಿ ಮೆಮೊರಿ 4 ಜಿಬಿ. ಭಾರಿ ಗೇಮ್‌ನ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಯ ಚಿತ್ರಗಳು) ಅದರಲ್ಲಿ ಹಿಡಿಸುವುದಿಲ್ಲ. ಹಿಡಿಸದಿದ್ದಾಗ ಕಾರ್ಡ್ ಮದರ್‌ಬೋರ್ಡ್‌ನ ರ‍್ಯಾಮ್‌ನಿಂದ ತರಬೇಕು. ಒಲೆ ಹೊತ್ತಿಸಿಟ್ಟು, ಪ್ರತಿ ಸಾಮಾನಿಗೂ ಅಂಗಡಿಗೆ ಓಡಿದ ಹಾಗೆ. ಓಡುವ ದಾರಿಯಾದರೂ ಅಗಲ ಇದೆಯಾ ಅಂದರೆ ಅದೂ ಇಲ್ಲ. ಸಾಮಾನ್ಯವಾಗಿ ಕಾರ್ಡ್‌ಗಳಿಗೆ ಪಿಸಿಐಇಯ 16 ಅಥವಾ 8 ಲೇನ್ ಇರುತ್ತವೆ, ಇದಕ್ಕೆ ಇರುವುದು 4. ಬಿ450 ತರದ ಪಿಸಿಐಇ 3.0 ಬೋರ್ಡ್‌ನಲ್ಲಿ ಹಾಕಿದರೆ ಆ ನಾಲ್ಕು ಲೇನ್‌ಗಳ ವೇಗವೂ ಅರ್ಧ. ಪರಿಣಾಮ ಏನು ಗೊತ್ತಾ? ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಿದರೆ ಪರವಾಗಿಲ್ಲ ಅನ್ನಿಸುತ್ತದೆ, ಆದರೆ ಕಾರು ತಿರುಗಿಸಿದಾಗ, ಹೊಸ ಬೀದಿಗೆ ಹೋದಾಗ ಆಟ ಗಕ್ಕನೆ ನಿಂತು ನಿಂತು ಹೋಗುತ್ತದೆ. ಇದರಲ್ಲಿ ವಿಡಿಯೋ ಎನ್‌ಕೋಡರ್ (ಆಟವನ್ನು ವಿಡಿಯೋ ಫೈಲ್ ಮಾಡುವ ಭಾಗ) ಕೂಡ ಇಲ್ಲ. ಆಟ ರೆಕಾರ್ಡ್ ಮಾಡಿದರೆ ಆ ಹೊರೆಯೂ ಪ್ರೊಸೆಸರ್ ಮೇಲೆ.

ಅದರ ಬದಲು ಆರ್‌ಎಕ್ಸ್ 6600 ನೋಡಿ. 2021ರಲ್ಲಿ ಬಂದ ಕಾರ್ಡ್, 8 ಜಿಬಿ ಮೆಮೊರಿ, 8 ಲೇನ್, 132 ವ್ಯಾಟ್. 6500 ಎಕ್ಸ್‌ಟಿಯಲ್ಲಿ 1024 ಸ್ಟ್ರೀಮ್ ಪ್ರೊಸೆಸರ್ (ಚಿತ್ರ ಬಿಡಿಸುವ ಚಿಕ್ಕ ಘಟಕಗಳು) ಇದ್ದರೆ ಇದರಲ್ಲಿ 1792 ಇವೆ. ಮೆಮೊರಿ ಬಸ್ (ಕಾರ್ಡ್ ತನ್ನ ಮೆಮೊರಿಯಿಂದ ತರುವ ದಾರಿಯ ಅಗಲ) 64 ಬಿಟ್ ಇದ್ದದ್ದು 128 ಆಗುತ್ತದೆ. 1080ಪಿಗೆ ಅಂತಲೇ ಮಾಡಿದ ಕಾರ್ಡ್ ಇದು. ಸೈಬರ್‌ಪಂಕ್‌ನಲ್ಲಿ ರೇ ಟ್ರೇಸಿಂಗ್ (ಬೆಳಕನ್ನು ನಿಜದಂತೆ ಬಿಡಿಸುವ ಸೆಟ್ಟಿಂಗ್) ಆಫ್ ಮಾಡಿ, ಸೆಟ್ಟಿಂಗ್ ಸ್ವಲ್ಪ ಇಳಿಸಿ, ಬೇಕಾದರೆ ಎಫ್‌ಎಸ್‌ಆರ್ (ಕಡಿಮೆ ಚುಕ್ಕೆಗಳಲ್ಲಿ ಬಿಡಿಸಿ, ಆಮೇಲೆ ದೊಡ್ಡದು ಮಾಡಿ ವೇಗ ಹೆಚ್ಚಿಸುವ ಸೆಟ್ಟಿಂಗ್) ಹಾಕಿ. ಚೆನ್ನಾಗಿ ಆಡಬಹುದು. ಬಜೆಟ್ ಸ್ವಲ್ಪ ಎಳೆದರೆ ಆರ್‌ಟಿಎಕ್ಸ್ 4060 ಸಿಗಬಹುದು. ಅದು 115 ವ್ಯಾಟ್‌ನಲ್ಲೇ ಕೆಲಸ ಮುಗಿಸುತ್ತದೆ, ಎಫ್‌ಎಸ್‌ಆರ್ ತರದ್ದೇ ಕೆಲಸ ಮಾಡುವ ಡಿಎಲ್‌ಎಸ್‌ಎಸ್ ಕೂಡ ಸಿಗುತ್ತದೆ. ಇಂಟೆಲ್ ಆರ್ಕ್ ಬಿ580ಯಲ್ಲಿ 12 ಜಿಬಿ ಇದೆ, ಓದಲು ಆಸೆ ಹುಟ್ಟಿಸುತ್ತದೆ. ಆದರೆ ಅದಕ್ಕೆ ರೀಸೈಜಬಲ್ ಬಾರ್ (ಕಾರ್ಡ್‌ನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್‌ಗೆ ಒಮ್ಮೆಗೇ ತೆರೆದುಕೊಡುವ ಬೋರ್ಡ್‌ನ ಸೆಟ್ಟಿಂಗ್) ಆನ್ ಆಗಿರಲೇಬೇಕು. ಮೇಲಾಗಿ 5600ನಂಥ ಪ್ರೊಸೆಸರ್ ಜೊತೆ ಕೆಲವು ಗೇಮ್‌ಗಳಲ್ಲಿ ಅದರ ಪೂರ್ತಿ ವೇಗ ಸಿಗುವುದಿಲ್ಲ. ನಿಮ್ಮ ಜೋಡಣೆಗೆ ಅದನ್ನು ನಾನು ಹೇಳುವುದಿಲ್ಲ.

ಕಾರ್ಡ್ ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ. ಒಂದೇ ಹೆಸರಲ್ಲಿ ಎರಡು ಬೇರೆ ಕಾರ್ಡ್ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲಿ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿಯದ್ದಕ್ಕೆ 192 ಬಿಟ್ ಬಸ್, 8 ಜಿಬಿಯದ್ದಕ್ಕೆ 128 ಬಿಟ್. ಆರ್‌ಟಿಎಕ್ಸ್ 3050ಯಲ್ಲಿ 8 ಜಿಬಿ, 6 ಜಿಬಿ ಅಂತ ಎರಡಿವೆ. 6 ಜಿಬಿಯದ್ದರಲ್ಲಿ ಮೆಮೊರಿ ಮಾತ್ರವಲ್ಲ, ಕೋರ್‌ಗಳೂ ಕಮ್ಮಿ. ಆರ್‌ಎಕ್ಸ್ 580 2048ಎಸ್‌ಪಿ ಅಂತ ಬಂದರೆ ಅದು ಹೆಸರಿಗಷ್ಟೇ 580, ಒಳಗಿರುವುದು 570.

"ಆಮೇಲೆ ಕಾರ್ಡ್ ಬದಲಾಯಿಸ್ತೀನಿ" ಅನ್ನುವ ಮಾತಿಗೆ ಬರೋಣ. ಬಜೆಟ್ ಬಿಗಿ ಇರುವವರಿಗೆ ಆ "ಆಮೇಲೆ" ಬೇಗ ಬರುವುದಿಲ್ಲ. ಅಲ್ಲಿಯವರೆಗೆ ದಿನಾ ಆಡುವುದು ಆ 4 ಜಿಬಿ ಕಾರ್ಡ್‌ನಲ್ಲೇ ಅಲ್ವಾ? ಮಾರಲು ಹೋದಾಗಲೂ ಅದಕ್ಕೆ ಒಳ್ಳೆಯ ಬೆಲೆ ಸಿಗುವುದಿಲ್ಲ. ಪ್ರೊಸೆಸರ್ ಮಾತ್ರ ಆಮೇಲೆ ಬದಲಾಯಿಸುವುದು ಸುಲಭ. ಎಎಂ4 (5600 ಕೂರುವ ಸಾಕೆಟ್) ಬೋರ್ಡ್‌ನಲ್ಲಿ 5600 ತೆಗೆದು 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಕೂರಿಸಬಹುದು. ಅವುಗಳಲ್ಲಿ 96 ಎಂಬಿ ಎಲ್3 ಕ್ಯಾಶ್ ಇದೆ, ಗೇಮ್‌ನಲ್ಲಿ ವ್ಯತ್ಯಾಸ ಕಾಣುತ್ತದೆ. ಹಳೆಯದು ಯಾರಾದರೂ ಮಾರಿದಾಗ ತೆಗೆದುಕೊಂಡರಾಯ್ತು. ಬೋರ್ಡ್, ರ‍್ಯಾಮ್ ಏನೂ ಬದಲಾಯಿಸಬೇಕಾಗಿಲ್ಲ.

ಎಎಂ4 ಹಳೆಯದಾಯ್ತು, ಅದರ ಮುಂದಿನ ಎಎಂ5 ಕೊಳ್ಳಲೇ ಅಂತಲೂ ಯೋಚನೆ ಬರಬಹುದು. ಎಎಂ5 2022ರಲ್ಲಿ ಬಂತು, ಅದರಲ್ಲಿ ಹೊಸ ಬಗೆಯ ಡಿಡಿಆರ್5 ರ‍್ಯಾಮ್ ಮಾತ್ರ ನಡೆಯುತ್ತದೆ. ಮುಂದೆ ಹಲವು ವರ್ಷ ಹೊಸ ಪ್ರೊಸೆಸರ್ ಹಾಕುವ ಅವಕಾಶ ಅದರಲ್ಲಿದೆ, ಅದು ನಿಜ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದೆ. ಬಜೆಟ್ ಬಿಗಿ ಇರುವಾಗ ಬೋರ್ಡ್ ಮತ್ತು ರ‍್ಯಾಮ್ ಸೇರಿ ಕಾರ್ಡ್‌ನ ದುಡ್ಡು ತಿಂದುಬಿಡುತ್ತವೆ. ಎರಡರ ಬೆಲೆಯನ್ನೂ ಕೊಳ್ಳುವ ವಾರದಲ್ಲೇ ಪಕ್ಕಪಕ್ಕ ಇಟ್ಟು ನೋಡಿ. ಅಂತರ ಸಣ್ಣದಾದರೆ ಎಎಂ5, ದೊಡ್ಡದಾದರೆ ಎಎಂ4. ಇಂಟೆಲ್ ಕಡೆ ಐ5 12400ಎಫ್ ಕೂಡ ಇದೇ ದರ್ಜೆಯ ಒಳ್ಳೆಯ ಪ್ರೊಸೆಸರ್. ಅದರ ಬೋರ್ಡ್‌ಗಳಲ್ಲಿ ಡಿಡಿಆರ್4 ಮತ್ತು ಡಿಡಿಆರ್5 ಎರಡೂ ಬಗೆ ಇವೆ, ನೋಡಿ ಕೊಳ್ಳಿ.

ಇನ್ನು ಎಸ್‌ಎಂಪಿಎಸ್. ಇದೊಂದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. ಕ್ಯಾಬಿನೆಟ್ ಜೊತೆ ಬರುವ ಹೆಸರಿಲ್ಲದ 600 ವ್ಯಾಟ್ ಎಸ್‌ಎಂಪಿಎಸ್‌ನ ಸ್ಟಿಕ್ಕರ್ ಮೇಲೆ 12 ವೋಲ್ಟ್ ಸಾಲು ಹುಡುಕಿ, ಅಲ್ಲಿರುವ ಆಂಪಿಯರ್ ಅನ್ನು 12ರಿಂದ ಗುಣಿಸಿ. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಈ ಸಾಲಿನಿಂದಲೇ. 45 ಆಂಪಿಯರ್ ಇದ್ದರೆ 540 ವ್ಯಾಟ್. 30 ಅಂತ ಇದ್ದರೆ 360 ಮಾತ್ರ, ಡಬ್ಬದ ಮೇಲೆ ಎಷ್ಟೇ ದೊಡ್ಡ ಅಂಕಿ ಬರೆದಿರಲಿ. ಅಗ್ಗದವುಗಳಲ್ಲಿ ಶಾರ್ಟ್ ಸರ್ಕ್ಯೂಟ್, ಓವರ್‌ಲೋಡ್ ಆದಾಗ ತಾನೇ ಆಫ್ ಆಗುವ ರಕ್ಷಣೆ ನೆಟ್ಟಗೆ ಇರುವುದಿಲ್ಲ. ಅದು ಕೆಟ್ಟರೆ ಒಂದೇ ಕೆಡುವುದಿಲ್ಲ, ಬೋರ್ಡ್, ಕಾರ್ಡ್, ಎಸ್‌ಎಸ್‌ಡಿ ಯಾವುದನ್ನು ಬೇಕಾದರೂ ಎಳೆದುಕೊಂಡು ಹೋಗುತ್ತದೆ. ಒಬ್ಬ ಗೆಳೆಯನ ಮಷೀನ್‌ನಲ್ಲಿ ಹೀಗೆ ಬೋರ್ಡ್ ಸುಟ್ಟದ್ದನ್ನು ನೋಡಿದ್ದೇನೆ.

5600 ಮತ್ತು 6600 ಇರುವ ಮಷೀನ್ ಆಟದ ಹೊತ್ತಲ್ಲಿ 300 ವ್ಯಾಟ್ ಕೂಡ ಮುಟ್ಟುವುದಿಲ್ಲ. ಹಾಗಾಗಿ ನಿಮಗೆ ದೊಡ್ಡ ಅಂಕಿ ಬೇಕಾಗಿಲ್ಲ. ಹೆಸರುವಾಸಿ ಕಂಪನಿಯ 550 ವ್ಯಾಟ್, ಐದು ವರ್ಷದ ವಾರಂಟಿ ಇರುವುದು ಸಾಕು. 80 ಪ್ಲಸ್ ಬ್ರಾನ್ಜ್ ಅಂತ ಇದ್ದರೆ ಒಳ್ಳೆಯದೇ. ಆದರೆ ಆ ಗುರುತು ಹೇಳುವುದು ಎಷ್ಟು ಕರೆಂಟ್ ಪೋಲಾಗುತ್ತದೆ ಅನ್ನುವುದನ್ನು ಮಾತ್ರ, ಒಳಗಿನ ಗುಣಮಟ್ಟವನ್ನಲ್ಲ. ಆ ಮಾಡೆಲ್‌ನ ವಿಮರ್ಶೆ ಓದಿಯೇ ಕೊಳ್ಳಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದದ್ದು) ಆದರೆ ಇನ್ನೊಂದು ಎಚ್ಚರಿಕೆ: ಒಂದು ಎಸ್‌ಎಂಪಿಎಸ್‌ನ ಕೇಬಲ್ ಇನ್ನೊಂದಕ್ಕೆ ಹಾಕಬೇಡಿ. ತುದಿ ಹೊಂದಿಕೊಂಡರೂ ಒಳಗಿನ ವೈರ್‌ಗಳ ಜೋಡಣೆ ಬೇರೆ ಇರಬಹುದು, ಹಾಗಿದ್ದರೆ ಹಾಕಿದ ತಕ್ಷಣ ಭಾಗಗಳು ಸುಟ್ಟು ಹೋಗಬಹುದು.

ಉಳಿದವು ಬೇಗ ಮುಗಿಯುತ್ತವೆ. ರ‍್ಯಾಮ್ 16 ಜಿಬಿ ಸರಿ, ಆದರೆ 8ರ ಎರಡು ಸ್ಟಿಕ್ ತೆಗೆದುಕೊಳ್ಳಿ. ಒಂದೇ ಇದ್ದರೆ ಮೆಮೊರಿಯ ಒಂದು ಚಾನೆಲ್ (ದಾರಿ) ಖಾಲಿ ಬೀಳುತ್ತದೆ, ಅದರ ಹೊಡೆತ ವ್ಯಾಲರೆಂಟ್‌ನಲ್ಲಿ ಕಾಣುತ್ತದೆ. ಡಿಡಿಆರ್4 3200 ಸಾಕು. ಎಸ್‌ಎಸ್‌ಡಿಗೆ ಜೆನ್ 4 ಬೇಡ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಯ ಸೆಕೆಂಡಿಗೆ 550 ಎಂಬಿಗೂ, ಜೆನ್ 3ರ 3500 ಎಂಬಿಗೂ ಕಾಗದದ ಮೇಲೆ ಭಾರಿ ಅಂತರ ಇದ್ದರೂ, ಗೇಮ್ ಲೋಡ್ ಆಗುವುದರಲ್ಲಿ ಸಾಮಾನ್ಯವಾಗಿ ಕೆಲವೇ ಸೆಕೆಂಡ್ ವ್ಯತ್ಯಾಸ. ಜೆನ್ 3 ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆ) ಕೊಳ್ಳಿ, 1 ಟಿಬಿ ಇರಲಿ, ಈಗಿನ ಗೇಮ್‌ಗಳು ಜಾಗ ನುಂಗುತ್ತವೆ. ಕ್ಯಾಬಿನೆಟ್‌ನ ಮುಂದೆ ಗಾಜು ಬೇಡ, ಜಾಲರಿ ಇರಲಿ. ಗಾಳಿ ಒಳಗೆ ಬರದಿದ್ದರೆ ಫ್ಯಾನ್ ಎಷ್ಟಿದ್ದರೂ ಸುಮ್ನೆ. ಬೋರ್ಡ್ ಬಿ550 ಒಳ್ಳೆಯದು. ಹಳೆಯ ಬಿ450 ಅಗ್ಗಕ್ಕೆ ಸಿಕ್ಕರೂ ನಡೆಯುತ್ತದೆ, 8 ಲೇನ್‌ನ 6600ಗೆ ಪಿಸಿಐಇ 3.0ಯಿಂದ ಆಗುವ ನಷ್ಟ ಕಮ್ಮಿ. ಆದರೆ ಅದರ ಬಯೋಸ್ (ಬೋರ್ಡ್‌ನೊಳಗಿನ ಮೂಲ ಸಾಫ್ಟ್‌ವೇರ್) 5000 ಸರಣಿಗೆ ಅಪ್‌ಡೇಟ್ ಆಗಿದೆಯಾ ಅಂತ ಕೇಳಿ ತಿಳಿದುಕೊಳ್ಳಿ. ಇಲ್ಲದಿದ್ದರೆ ಮಷೀನ್ ಆನ್ ಆದರೂ ಪರದೆ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಕಡಿಮೆ ಬಜೆಟ್‌ಗೆ ಅದು ದೊಡ್ಡ ಸಹಾಯ. ಪ್ರೊಸೆಸರ್ ಸುಲಭಕ್ಕೆ ಕೆಡುವ ವಸ್ತುವಲ್ಲ. ಎಎಂ4ನಲ್ಲಿ ಪಿನ್‌ಗಳು ಪ್ರೊಸೆಸರ್ ಅಡಿಯಲ್ಲೇ ಇರುತ್ತವೆ, ಬಾಗಿಲ್ಲವಾ ಅಂತ ನೋಡಿದರೆ ಆಯ್ತು. ಕಾರ್ಡ್ ಕೂಡ ಕೊಳ್ಳಬಹುದು, ಆದರೆ ಓಡುತ್ತಿರುವುದನ್ನು ಕಣ್ಣಾರೆ ನೋಡಿ. ಅರ್ಧ ಗಂಟೆ ಭಾರಿ ಗೇಮ್ ಹಾಕಿಸಿ, ತಾಪ ಗಮನಿಸಿ, ಪರದೆಯಲ್ಲಿ ಚುಕ್ಕೆ, ಗೆರೆ ಬರುತ್ತವಾ ನೋಡಿ. ಜಿಪಿಯು-ಝಡ್ (ಕಾರ್ಡ್‌ನ ವಿವರ ತೋರಿಸುವ ಸಾಫ್ಟ್‌ವೇರ್) ಓಪನ್ ಮಾಡಿ ಹೆಸರು, ಮೆಮೊರಿ ತಾಳೆ ಹಾಕಿ. ಹಳೆಯ ಕಾರ್ಡ್‌ನ ಬಯೋಸ್ ಬದಲಿಸಿ ಹೊಸ ಹೆಸರಲ್ಲಿ ಮಾರುವವರೂ ಇದ್ದಾರೆ, ಅಂಥ ಬಹಳಷ್ಟನ್ನು ಅದು ಹಿಡಿದುಕೊಡುತ್ತದೆ. ಜಿಟಿಎಕ್ಸ್ 10 ಸರಣಿ ಅಗ್ಗ ಅಂತ ಹೋಗಬೇಡಿ, ಅವಕ್ಕೆ ಹೊಸ ಗೇಮ್‌ಗಳ ಡ್ರೈವರ್ ಬರುವುದು 2025ರಲ್ಲೇ ನಿಂತಿದೆ. ಎಸ್‌ಎಂಪಿಎಸ್ ಮತ್ತು ಎಸ್‌ಎಸ್‌ಡಿ ಮಾತ್ರ ಯಾವತ್ತೂ ಹೊಸದೇ ಇರಲಿ.

ಜೋಡಿಸಿದ ಮೇಲೆ ಕೆಲವು ಕೆಲಸ ಬಾಕಿ ಇರುತ್ತವೆ. ರ‍್ಯಾಮ್ ಸ್ಟಿಕ್‌ಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ (ಬೋರ್ಡ್‌ನಲ್ಲಿ ಎರಡೇ ಸ್ಲಾಟ್ ಇದ್ದರೆ ಯೋಚನೆಯೇ ಇಲ್ಲ). ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ರ‍್ಯಾಮ್ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರುತ್ತದೆ. ಅಲ್ಲೇ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಅನ್ನುವ ಭದ್ರತೆಯ ಸೆಟ್ಟಿಂಗ್‌ಗಳು ಕೂಡ ಆನ್ ಇರಲಿ, ವಿಂಡೋಸ್ 11ರಲ್ಲಿ ವ್ಯಾಲರೆಂಟ್ ಅವೆರಡನ್ನೂ ಕೇಳುತ್ತದೆ. ಮಾನಿಟರ್ ಕೇಬಲ್ ಚುಚ್ಚಬೇಕಾದದ್ದು ಬೋರ್ಡ್‌ಗಲ್ಲ, ಕಾರ್ಡ್‌ಗೆ. 5600ರಲ್ಲಿ ಗ್ರಾಫಿಕ್ಸ್ ಇಲ್ಲದ ಕಾರಣ ಬೋರ್ಡ್‌ಗೆ ಚುಚ್ಚಿದರೆ ಏನೂ ಕಾಣುವುದಿಲ್ಲ. ಆಮೇಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಹರ್ಟ್ಸ್ ಆರಿಸಿ. ಬಹಳ ಸಲ ಅದು 60ರಲ್ಲೇ ನಿಂತಿರುತ್ತದೆ.

ಪಟ್ಟಿ ಹೀಗೆ ತಿದ್ದಿ ಬೆಲೆ ಕೂಡಿಸಿದ ಮೇಲೆ ಎಷ್ಟಕ್ಕೆ ನಿಂತಿತು ಅಂತ ಬರೆಯಿರಿ. ಎಸ್‌ಎಂಪಿಎಸ್ ಯಾವ ಮಾಡೆಲ್ ಅಂತಲೂ ತಿಳಿಸಿ, ದುಡ್ಡು ಕೊಡುವ ಮುಂಚೆ ಅದೊಂದನ್ನು ನಾನೂ ನೋಡುತ್ತೇನೆ.