ಹಡಗಿನ ಖಾತೆಯಲ್ಲಿ 300 ಡಾಲರ್ ಇದೆ, ಖರ್ಚು ಮಾಡೋದು ಹೇಗೆ?

ಪ್ರಶ್ನೆ: ನಾವಿಬ್ಬರು, ಗಂಡ ಹೆಂಡತಿ, ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದೇವೆ. ಆಫರಿನಲ್ಲಿ 300 ಡಾಲರ್ ಆನ್‌ಬೋರ್ಡ್ ಕ್ರೆಡಿಟ್, ಅಂದರೆ ಹಡಗಿನೊಳಗಿನ ಖರ್ಚಿಗೆ ಅಂತ ನಮ್ಮ ಹಡಗಿನ ಖಾತೆಗೆ ಹಾಕಿಕೊಡುವ ದುಡ್ಡು, ಸಿಕ್ಕಿದೆ. ಉಳಿದರೆ ವಾಪಸ್ ಬರುತ್ತಾ? ಟಿಪ್ಸ್ ಈಗಲೇ ಕಟ್ಟಿಬಿಡಿ ಅಂತ ಏಜೆಂಟ್ ಹೇಳುತ್ತಿದ್ದಾರೆ. ಕಟ್ಟೋದಾ, ಬೇಡ್ವಾ?

ಉತ್ತರ: ಟಿಪ್ಸ್ ಈಗಲೇ ಕಟ್ಟಬೇಡಿ, ಸ್ವಲ್ಪ ತಡೀರಿ. ಮೊದಲು ಬುಕಿಂಗ್ ಕನ್‌ಫರ್ಮೇಶನ್ ತೆಗೆದು ಆ 300 ಡಾಲರ್ ಪಕ್ಕದಲ್ಲಿ ಏನು ಬರೆದಿದೆ ನೋಡಿ. ರಿಫಂಡಬಲ್ ಅಂತಿದ್ದರೆ ಉಳಿದದ್ದು ನಿಮಗೆ ವಾಪಸ್ ಬರುತ್ತದೆ. ನಾನ್-ರಿಫಂಡಬಲ್ ಅಂತಿದ್ದರೆ, ಪ್ರಯಾಣ ಮುಗಿದು ಖಾತೆ ಮುಚ್ಚುವಾಗ ಉಳಿದದ್ದೆಲ್ಲ ಹೋಯ್ತು ಅಂತಲೇ ಲೆಕ್ಕ. ಏನೂ ಬರೆದಿಲ್ಲವಾ? ಹಾಗಿದ್ದರೆ ವಾಪಸ್ ಬರೋದಿಲ್ಲ ಅಂತಲೇ ಇಟ್ಟುಕೊಂಡು ಕಂಪನಿಗೆ ಕೇಳಿ, ಯಾಕೆಂದರೆ ಆಫರಿನಲ್ಲಿ ಪುಕ್ಕಟೆ ಬರುವ ಕ್ರೆಡಿಟ್ ಹೆಚ್ಚಾಗಿ ಆ ಥರದ್ದೇ.

ಈಗ ಟಿಪ್ಸ್ ವಿಷಯ. ಡಾಲರಿನಲ್ಲಿ ವ್ಯವಹಾರ ಮಾಡುವ ದೊಡ್ಡ ಹಡಗುಗಳಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್ ಟಿಪ್ಸ್ ತಾನಾಗೇ ಖಾತೆಗೆ ಬೀಳುತ್ತದೆ. 17 ಅಂತ ಹಿಡಿದರೂ ಇಬ್ಬರಿಗೆ ಏಳು ದಿನಕ್ಕೆ 238 ಡಾಲರ್ ಆಯ್ತು. ಹೇಗೂ ಕೊಡುವ ದುಡ್ಡು ಇದು. ಹಡಗು ಹತ್ತಿದ ಮೇಲೆ ಖಾತೆಗೆ ಬಿದ್ದರೆ ಬಹಳಷ್ಟು ಕಂಪನಿಗಳಲ್ಲಿ ಕ್ರೆಡಿಟ್‌ನಿಂದಲೇ ತೀರಿಹೋಗುತ್ತದೆ. ಮೊದಲೇ ಕಾರ್ಡಿನಿಂದ ಕಟ್ಟಿಬಿಟ್ಟರೆ ಆ ದಾರಿ ಮುಚ್ಚಿತು, ಆಮೇಲೆ 300 ಡಾಲರ್ ಖರ್ಚು ಮಾಡೋಕೆ ಜಾಗ ಹುಡುಕಬೇಕು. ಎಲ್ಲ ಕಂಪನಿಯೂ ಟಿಪ್ಸ್‌ಗೆ ಕ್ರೆಡಿಟ್ ಒಪ್ಪುತ್ತದೆ ಅಂತಿಲ್ಲ, ಹಾಗಾಗಿ ಆ ಒಂದು ಪ್ರಶ್ನೆಯನ್ನು ನೇರವಾಗಿ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.

ವೈಫೈ, ಡ್ರಿಂಕ್ಸ್ ಪ್ಯಾಕೇಜ್ ಲೆಕ್ಕ ಮಾತ್ರ ಬೇರೆ. ಇವು ಹೊರಡುವ ಮೊದಲೇ ಕೊಂಡರೆ ಸಾಮಾನ್ಯವಾಗಿ ಅಗ್ಗ, ಆದರೆ ಕ್ರೆಡಿಟ್ ಬಹಳ ಕಡೆ ಹಡಗು ಹತ್ತಿದ ಮೇಲಷ್ಟೇ ಕೈಗೆ ಬರುತ್ತದೆ. ಟಿಪ್ಸ್‌ಗೇ ಕ್ರೆಡಿಟ್ ಮುಗಿಯುತ್ತದೆ ಅನ್ನುವುದಾದರೆ ಪ್ಯಾಕೇಜನ್ನು ಮೊದಲೇ ಅಗ್ಗದಲ್ಲಿ ಕೊಂಡುಬಿಡಿ. ಕ್ರೆಡಿಟ್ ತುಂಬಾ ಉಳಿಯುತ್ತದೆ, ವಾಪಸ್ಸೂ ಬರೋದಿಲ್ಲ ಅಂದರೆ, ಹಡಗಿನಲ್ಲಿ ನಾಲ್ಕು ಕಾಸು ಜಾಸ್ತಿಯಾದರೂ ಅಲ್ಲೇ ಕೊಳ್ಳುವುದು ಲಾಭ. ಅಲ್ಲಿ ಬಾರ್ ಬೆಲೆಪಟ್ಟಿ ನೋಡಿ ಲೆಕ್ಕ ಹಾಕುವಾಗ ಒಂದು ನೆನಪಿರಲಿ, ಗ್ಲಾಸಿನ ಬೆಲೆಯ ಮೇಲೆ 18ರಿಂದ 20 ಪರ್ಸೆಂಟ್ ಸರ್ವೀಸ್ ಚಾರ್ಜ್ ಬೇರೆ ಸೇರುತ್ತದೆ. ಕ್ಯಾಸಿನೋದಲ್ಲಿ ಈ ಕ್ರೆಡಿಟ್ ಸಾಮಾನ್ಯವಾಗಿ ನಡೆಯೋದಿಲ್ಲ. ಒಳ್ಳೇದೇ ಬಿಡಿ.

ಕೊನೆಯ ರಾತ್ರಿಗೆ ಅಂತ ಮಾತ್ರ ಏನೂ ಉಳಿಸಿಕೊಳ್ಳಬೇಡಿ. ಬಂದರಿನಲ್ಲಿ ನಿಂತಿರುವಾಗ ಹಡಗಿನ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಸಮುದ್ರಕ್ಕಿಳಿದ ಮೇಲೆಯೇ ಬಾಗಿಲು ತೆಗೆಯುವುದು. ಕೊನೆಯ ಸಂಜೆ ಅಲ್ಲಿ ಹೋಗಿ ನೋಡಬೇಕು, 40 ಡಾಲರ್ ಸುಮ್ನೆ ಹೋಗಿಬಿಡುತ್ತದಲ್ಲಾ ಅಂತ ಜನ ಯಾರಿಗೂ ಬೇಡದ ಟೋಪಿ, ಕೀಚೈನ್, ಅಳತೆ ಸರಿಹೋಗದ ಟೀ ಶರ್ಟ್ ಹಿಡಿದುಕೊಂಡು ಕ್ಯೂ ನಿಂತಿರುತ್ತಾರೆ. ಅದಕ್ಕಿಂತ ಮಧ್ಯದಲ್ಲೇ ಒಂದು ಒಳ್ಳೆಯ ಊಟಕ್ಕೋ ಮಸಾಜ್‌ಗೋ ಬಳಸಿ. ಬಂದರಿನಲ್ಲಿರುವ ದಿನ ಎಲ್ಲರೂ ಇಳಿದು ಹೋಗಿರುತ್ತಾರೆ, ಸ್ಪಾದವರು ಆವತ್ತೇ ರಿಯಾಯಿತಿ ಕೊಡುವುದು ಜಾಸ್ತಿ.

ಪ್ರಶ್ನೆ: ನಮ್ಮದೊಂದು ಕ್ಯಾಬಿನ್, ಅತ್ತೆ ಮಾವನದು ಇನ್ನೊಂದು. ಕ್ರೆಡಿಟ್ ಇರೋದು ನಮ್ಮ ಕ್ಯಾಬಿನ್‌ಗೆ ಮಾತ್ರ. ಅವರ ಖರ್ಚಿಗೂ ಇದು ಆಗುತ್ತಾ? ಹನ್ನೊಂದು ವರ್ಷದ ಮಗನಿಗೂ ಹಡಗಿನಲ್ಲಿ ಖರ್ಚು ಮಾಡುವ ಕಾರ್ಡ್ ಕೊಡುತ್ತಾರಂತೆ, ಅದೇ ಭಯ.

ಉತ್ತರ: ಕ್ರೆಡಿಟ್ಟನ್ನೇ ಒಂದು ಕ್ಯಾಬಿನ್‌ನಿಂದ ಇನ್ನೊಂದಕ್ಕೆ ದಾಟಿಸುವುದು ಕಷ್ಟ. ಖರ್ಚನ್ನು ದಾಟಿಸಬಹುದು. ಹಡಗು ಹತ್ತಿದ ದಿನವೇ ಗೆಸ್ಟ್ ಸರ್ವೀಸ್ ಕೌಂಟರ್‌ಗೆ ಹೋಗಿ, ಅತ್ತೆ ಮಾವನ ಬಿಲ್ ನಮ್ಮ ಖಾತೆಗೆ ಸೇರಿಸಿ ಅಂತ ಹೇಳಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಇಲ್ಲದಿದ್ದರೆ ಒಪ್ಪಿಗೆ ಬೇಕು ಅಂತ ಮತ್ತೆ ಓಡಾಡಿಸುತ್ತಾರೆ. ಎರಡು ದಿನ ಬಿಟ್ಟು ಆ್ಯಪ್‌ನಲ್ಲೋ ಕ್ಯಾಬಿನ್ ಟೀವಿಯಲ್ಲೋ ಖಾತೆ ತೆರೆದು, ಅವರ ಕಾಫಿ ನಿಮ್ಮ ಬಿಲ್‌ಗೆ ಬಂದಿದೆಯಾ ನೋಡಿಕೊಳ್ಳಿ. ಹಾಗೇ, ಅವರ ಖರ್ಚು ಕ್ರೆಡಿಟ್ ಮೀರಿದರೆ ಮಿಕ್ಕಿದ್ದು ನಿಮ್ಮ ಕಾರ್ಡಿಗೇ ಬೀಳುತ್ತದೆ ಅನ್ನುವುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮಗನ ಕಾರ್ಡಿನ ಬಗ್ಗೆ ಭಯ ಬೇಡ. ಬಾಗಿಲು ತೆಗೆಯಲು, ಹಡಗು ಹತ್ತಿ ಇಳಿಯಲು ಅವನಿಗೆ ಅದು ಬೇಕೇಬೇಕು, ಆದರೆ ಖರ್ಚು ಮಾಡುವ ಸೌಲಭ್ಯವನ್ನು ಅದೇ ಕೌಂಟರಿನಲ್ಲಿ ಬಂದ್ ಮಾಡಿಸಬಹುದು, ಕೆಲವು ಹಡಗಿನಲ್ಲಿ ಮಿತಿಯನ್ನೂ ಹಾಕುತ್ತಾರೆ. ದುಡ್ಡು ಸೋರುವ ಜಾಗ ವಿಡಿಯೋ ಗೇಮ್ ಆರ್ಕೇಡ್. ಕಾರ್ಡ್ ಮುಟ್ಟಿಸಿದರೆ ಆಟ ಶುರು, ನಾಣ್ಯ ಎಣಿಸುವ ಗೋಜೇ ಇಲ್ಲ, ಮಕ್ಕಳಿಗೆ ಅದು ದುಡ್ಡು ಅಂತಲೇ ಅನಿಸೋದಿಲ್ಲ.

ಪ್ರಶ್ನೆ: ಹಡಗಿನ ಖಾತೆಗೆ ಡೆಬಿಟ್ ಕಾರ್ಡ್ ಕೊಟ್ಟಿದ್ದೆ. ಬಿಲ್ ಆಗಿದ್ದಕ್ಕಿಂತ ಬ್ಯಾಂಕಿನಲ್ಲಿ ಜಾಸ್ತಿ ದುಡ್ಡು ಕಡಿಮೆಯಾಗಿ ಕಾಣಿಸುತ್ತಿದೆ. ಮೋಸ ಹೋದೆನಾ?

ಉತ್ತರ: ಮೋಸ ಆಗಿರುವುದು ಅನುಮಾನ, ಬಹುಶಃ ಅದು ಹೋಲ್ಡ್. ನೀವು ಖರ್ಚು ಮಾಡುತ್ತಾ ಹೋದ ಹಾಗೆ ಹಡಗಿನವರು ಅಷ್ಟು ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರೆ, ಕೊನೆಗೆ ನಿಜವಾದ ಬಿಲ್ ಬೇರೆಯಾಗಿ ಕಳಿಸುತ್ತಾರೆ. ಹಳೆಯ ಹೋಲ್ಡ್ ಬಿಡುಗಡೆಯಾಗುವವರೆಗೆ ಎರಡೂ ಕಾಣುತ್ತವೆ. ಬಿಡುವುದು ಬ್ಯಾಂಕಿನ ಕೈಯಲ್ಲಿ, ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಕೊನೆಯ ಬಿಲ್ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಅಕ್ಕಪಕ್ಕ ಇಟ್ಟು ನೋಡಿ. ಪೆಂಡಿಂಗ್ ಅಂತಿರುವುದು ಹೋಲ್ಡ್. ಒಂದೇ ಮೊತ್ತ ಎರಡು ಸಲ ಪೂರ್ತಿ ಕಡಿತವಾಗಿದ್ದರೆ ಮಾತ್ರ ಬ್ಯಾಂಕಿಗೆ ದೂರು ಕೊಡಿ.

ಮುಂದಿನ ಸಲ ಕ್ರೆಡಿಟ್ ಕಾರ್ಡ್ ಕೊಡಿ, ಇಲ್ಲವೇ ಕೌಂಟರಿನಲ್ಲಿ ನಗದು ಠೇವಣಿ ಇಡಬಹುದಾ ಕೇಳಿ. ನಗದು ಇಟ್ಟವರು ಉಳಿದದ್ದನ್ನು ಇಳಿಯುವ ಮೊದಲೇ ಕೇಳಿ ವಾಪಸ್ ಪಡೆಯಬೇಕು. ಕೊನೆಯ ಬೆಳಗ್ಗೆ ಆ ಕೌಂಟರಿನ ಮುಂದೆ ಸಾಲು ಉದ್ದ ಇರುತ್ತದೆ, ಹಿಂದಿನ ಸಂಜೆ ಊಟದ ಹೊತ್ತಿಗೆ ಹೋದರೆ ಬೇಗ ಕೆಲಸ ಆಗುತ್ತದೆ.