ಪ್ರತಿಕ್ರಿಯೆ: ಕಪ್ಪು ಕೆಸರಿನಲ್ಲಿ ಫೊರಾಮಿನಿಫೆರಾ ಕಾಣದಿದ್ದರೆ

ನಿಮ್ಮ ಕಪ್ಪು ಕೆಸರಿನಲ್ಲಿ ಫೊರಾಮಿನಿಫೆರಾ (ಚಿಪ್ಪಿರುವ, ಹೆಚ್ಚಾಗಿ ಕಡಲಲ್ಲಿ ಬಾಳುವ ಏಕಕೋಶ ಜೀವಿಗಳು) ಒಂದೂ ಕಾಣಲಿಲ್ಲ, ಹಾಗಾದರೆ ಅಲ್ಲಿಗೆ ಕಡಲು ಬಂದಿರಲಿಲ್ಲವೇ ಎಂದು ಕೇಳಿದ್ದೀರಿ. ಅವುಗಳ ಚಿಪ್ಪುಗಳು ಆಮ್ಲಕ್ಕೆ ಕರಗಿಹೋಗಿರಬೇಕು. ಕರಾವಳಿಯ ಮುಳುಗಿದ ಮರದ ಬುಡದಿಂದ ತೆಗೆದ ಕೆಸರನ್ನು ಮಡಿಕೇರಿಗೆ ತಂದು, ಒಣಗಿಸಿ, ಜೈವಿಕ ಕಸ ತೆಗೆಯುವ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ ಎಂದಿದ್ದೀರಿ. ಇಂಥ ಕೆಸರಿನಲ್ಲಿ ಸಾಮಾನ್ಯವಾಗಿ ಪೈರೈಟ್ (ಕಬ್ಬಿಣ, ಗಂಧಕ ಸೇರಿದ ಖನಿಜ) ಇರುತ್ತದೆ; ಗಾಳಿ, ತೇವ, ಪೆರಾಕ್ಸೈಡ್ ತಾಗಿದರೆ ಅದರಿಂದ ಗಂಧಕಾಮ್ಲ ಹುಟ್ಟಿ ಸುಣ್ಣದ ಚಿಪ್ಪನ್ನು ತಿನ್ನುತ್ತದೆ. ಒಣಗಿದ ಹೆಂಟೆಯನ್ನು ಲೆನ್ಸಿನಲ್ಲಿ ನೋಡಿ. ಮೇಲೆ ತಿಳಿಹಳದಿ ಹುಡಿ, ಬಿರುಕಿನಲ್ಲಿ ಗಾಜಿನ ಸೂಜಿಯಂಥ ಜಿಪ್ಸಮ್ ಹರಳು ಇದ್ದರೆ ಆಮ್ಲ ಹುಟ್ಟಿದೆ ಎಂಬುದರಲ್ಲಿ ಸಂಶಯ ಬೇಡ.

ಉಳಿದಿರುವ ಹಸಿ ಮಾದರಿಯ ನಡುಭಾಗದಿಂದ 2 ಘನ ಸೆಂ.ಮೀ. ತೆಗೆದು, ಚಿಟಿಕೆ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬರೀ ಮಳೆನೀರು ಬೇಡ, ಅದೇ ಸ್ವಲ್ಪ ಆಮ್ಲೀಯ. 500 ಮೈಕ್ರಾನ್ ಜರಡಿಯ ಕೆಳಗೆ 63 ಮೈಕ್ರಾನಿನದ್ದಿಟ್ಟು ಮೆಲ್ಲಗೆ ತೊಳೆಯಿರಿ. 63ರಲ್ಲಿ ನಿಂತದ್ದನ್ನು ಒಣಗಿಸದೆ, ನೀರಿನಲ್ಲೇ 40 ಪಟ್ಟು ಹಿಗ್ಗಿಸಿ ನೋಡಿ. ಮರಳುಕಣ ಅಂಟಿಸಿಕೊಂಡ, ಕೆಲವೊಮ್ಮೆ ಚಪ್ಪಟೆಯಾದ ಕಂದು ಸುರುಳಿಗಳು ಟ್ರೋಕಮಿನಾ ಎಂಬ, ಸುಣ್ಣದ ಚಿಪ್ಪಿಲ್ಲದ ಫೊರಾಮಿನಿಫೆರಾ ಇರಬಹುದು. ಇವು ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ. ಹೇರಳವಾಗಿದ್ದರೆ ಆ ಜಾಗ ಭರತದ ಮೇಲ್ಮಟ್ಟದ ಹತ್ತಿರವಿತ್ತು ಎನ್ನಬಹುದು.

ಜರಡಿಯಿಂದ ಇಳಿದ ನೀರನ್ನು ದಯವಿಟ್ಟು ಚೆಲ್ಲಬೇಡಿ. ಡಯಾಟಮ್ (ಏಕಕೋಶ ಪಾಚಿ), ಪರಾಗ ಹೆಚ್ಚಾಗಿ ಅದರಲ್ಲೇ ಇರುತ್ತವೆ. ಡಯಾಟಮ್ ಚಿಪ್ಪು ಸಿಲಿಕಾದ್ದು, ಆದ್ದರಿಂದ ಅದಕ್ಕೆಂದು ಬೇರೆ ತೆಗೆದಿಟ್ಟ ಪಾಲಿಗೆ ಪೆರಾಕ್ಸೈಡ್ ಹಾಕಬಹುದು. ಡಯಾಟಮ್‌ಗಳಲ್ಲಿ ಪ್ಯಾರಾಲಿಯಾ ಎಂಬ ಕುಲ ಸಿಕ್ಕರೆ ಕಡಲ ನೀರು ಬಂದಿತ್ತು ಎನ್ನಬಹುದು. ಯುನೋಟಿಯಾ ಎಂಬ ಕುಲ ಹೆಚ್ಚಿದ್ದರೆ ಸಿಹಿನೀರಿನ ಜೌಗು. ಫೊರಾಮಿನಿಫೆರಾ ಇಲ್ಲ ಎಂಬುದೊಂದರಿಂದಲೇ ಕಡಲು ಬಂದಿರಲಿಲ್ಲ ಎಂದು ಬರೆಯಬೇಡಿ.

ಮರದ ತುಂಡನ್ನು ಫಾಯಿಲಿನಲ್ಲಿ ಸುತ್ತಿ ಇವತ್ತೇ ಫ್ರಿಜ್ಜಿಗೆ ಸೇರಿಸಿ. ಕೊಡಗಿನ ಮಳೆಗಾಲದಲ್ಲಿ ಬೂಸ್ಟು ಬೇಗ ಹಿಡಿಯುತ್ತದೆ, ಅದರ ಹೊಸ ಇಂಗಾಲ ರೇಡಿಯೋಕಾರ್ಬನ್ (ಇಂಗಾಲದಿಂದ ವಯಸ್ಸು ಅಳೆಯುವ) ಲೆಕ್ಕವನ್ನು ಕೆಡಿಸಬಹುದು. ಕಾಲಮಾಪನಕ್ಕೆ ತಿರುಳಿನ ಬದಲು ತೊಗಟೆಯ ಕೆಳಗಿನ, ಮರ ಸಾಯುವ ಮುನ್ನ ಕೊನೆಗೆ ಬೆಳೆದ ಹೊರ ಉಂಗುರಗಳನ್ನು ಕಳಿಸಿ.