ಮನೆಯಲ್ಲೇ ಮಾಡಿದ ಜೆಟ್ ಎಂಜಿನ್: ಥ್ರಾಟಲ್ ಏರಿಸಿದರೆ ತೊದಲುತ್ತದೆ, ಇಳಿಸಿದರೆ ಆರುತ್ತದೆ. ದೊಡ್ಡ ಪಂಪ್ ಹಾಕಲೇ?

ಬೇಡ. ಪಂಪಿನ ಮೇಲೆ ಕೈ ಇಡಬೇಡಿ. ಗುಜರಿಯಿಂದ ತಂದ ಲಾರಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ), ಗೇರ್ ಪಂಪ್, ನೆಲದ ಮೇಲೆ ಡೀಸೆಲ್ ಡಬ್ಬ ಎಂದು ಬರೆದಿದ್ದೀರಲ್ಲ, ಓದಿ ನನ್ನದೇ ಶೆಡ್ ಕಂಡಂತಾಯಿತು. ಕಲಬುರಗಿಯ ಕಪನೂರಿನಲ್ಲಿ, ಒಂದು ದಾಲ್ ಮಿಲ್ಲಿನ ಗೋಡೆಗೆ ಹತ್ತಿಕೊಂಡ ತಗಡಿನ ಶೆಡ್ ಅದು. ಒಂದಿಡೀ ಬೇಸಿಗೆ ಅಲ್ಲಿ ಬೆಂದು, ಎರಡು ಪಂಪ್ ಕೊಂಡು, ಡೀಸೆಲ್ ಸಿಂಪಡಿಸುವ ನಾಜಲ್ ಐದಾರು ಸಲ ಬಿಚ್ಚಿ ತೊಳೆದೆ. ತೊದಲು ಹೋಗಲಿಲ್ಲ.

ತಪ್ಪು ಇದ್ದದ್ದು ಡಬ್ಬದಿಂದ ಪಂಪಿಗೆ ಹೋಗುವ ಪೈಪಿನಲ್ಲಿ. ಪಂಪಿನಿಂದ ಮುಂದೆ ಎಲ್ಲಾದರೂ ಸಡಿಲವಾದರೆ ಡೀಸೆಲ್ ಹೊರಗೆ ಚಿಮ್ಮುತ್ತದೆ, ಕುರುಡನಿಗೂ ವಾಸನೆ ಬರುತ್ತದೆ. ಪಂಪಿನ ಹಿಂದಿನ ಪೈಪಿನಲ್ಲಿ ಹಾಗಲ್ಲ. ಅಲ್ಲಿ ಪಂಪ್ ಎಳೆಯುತ್ತಿರುತ್ತದೆ, ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ. ಆದ್ದರಿಂದ ಕ್ಲಿಪ್ ಸಡಿಲವಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಾನು ಜಾಯಿಂಟಿಗೆ ಬಿಳಿ ಕಾಗದ ಒತ್ತಿ ನೋಡಿ, ಒಣಗಿದೆ, ಸರಿಯಾಗಿದೆ ಎಂದು ಬೀಗಿದ್ದೆ! ಒಣಗಿದ್ದದ್ದೇ ಮೋಸ.

ಪಕ್ಕದ ಟ್ರ್ಯಾಕ್ಟರ್ ಮೆಕ್ಯಾನಿಕ್ ಕಾಕಾ ಒಂದು ದಿನ ಸ್ಪ್ಯಾನರ್ ಕೇಳಲು ಬಂದವರು ಬಾಗಿಲಲ್ಲೇ ನಿಂತು ಸದ್ದು ಕೇಳಿದರು. “ಏರ್ ಹಿಡಿದಿದೆ ತಮ್ಮಾ” ಎಂದಷ್ಟೇ ಹೇಳಿ ಹೋದರು. ಒಂದು ಗೇಣು ಪಾರದರ್ಶಕ ಪೈಪನ್ನು ನಡುವೆ ಸೇರಿಸಿದೆ. ಜೋಳದ ಕಾಳಿನಷ್ಟು ಗುಳ್ಳೆಗಳು ಬಾಗಿನಲ್ಲಿ ಬಂದು ತಂಗುತ್ತಿದ್ದವು. ನಾಲ್ಕೈದು ಸೇರಿ ಒಂದಾಗಿ ಪಂಪಿನೊಳಗೆ ಜಾರುತ್ತಿದ್ದವು. ಅದು ಜಾರಿದ ಮರುಕ್ಷಣ ಎಂಜಿನ್ ಕೆಮ್ಮುತ್ತಿತ್ತು.

ಡಬ್ಬವನ್ನು ಪಂಪಿಗಿಂತ ಎತ್ತರದಲ್ಲಿಡಿ, ಕೆಳಗೆ ಕೈಗೆ ಸಿಗುವಂತೆ ಒಂದು ಕಾಕ್ ಇರಲಿ. ಆಗ ಪಂಪ್ ನಿಂತಿದ್ದಾಗಲೂ ಡೀಸೆಲ್ ತನ್ನ ಭಾರದಿಂದಲೇ ಇಳಿಯುತ್ತದೆ, ಸಡಿಲವಿದ್ದ ಜಾಯಿಂಟ್ ತಾನಾಗಿ ತೊಟ್ಟಿಕ್ಕಿ ಸಿಕ್ಕಿಬೀಳುತ್ತದೆ. ನೀರಿನ ಪೈಪ್ ಬೇಡ, ಡೀಸೆಲ್ ತಾಗಿ ಹಾಳಾಗುತ್ತದೆ.

ಇಳಿಸಿದಾಗ ಆರುವುದು ಬೇರೆಯೇ ಕಥೆ. ನಾಜಲ್‌ನಿಂದ ಹೊರಡುವ ಇಂಧನ ಒತ್ತಡದ ವರ್ಗಮೂಲಕ್ಕೆ ತಕ್ಕಂತಿರುತ್ತದೆ. 8 ಬಾರ್‌ನಲ್ಲಿ ಹೋಗುವುದರ ಅರ್ಧ ಬೇಕೆಂದರೆ ಒತ್ತಡ 2 ಬಾರ್‌ಗೆ ಇಳಿಯಬೇಕು. ಅಷ್ಟಕ್ಕೆ ಮಂಜಿನಂತೆ ಹರಡಬೇಕಾದದ್ದು ದಪ್ಪ ಹನಿಯಾಗಿ ಬೀಳಬಹುದು, ಬೆಂಕಿ ನಿಲ್ಲುವುದಿಲ್ಲ. ದೊಡ್ಡ ಪಂಪ್ ಇದಕ್ಕೆ ಏನು ಮಾಡೀತು? ಥ್ರಾಟಲ್ ಒಂದು ಮಿತಿಗಿಂತ ಕೆಳಗೆ ಇಳಿಯದಂತೆ ತಡೆ ಹಾಕಿ. ನಾಜಲ್ ದಾರಿಯಲ್ಲಿ ವಾಲ್ವ್ ಇಟ್ಟಿದ್ದರೆ ಇಂದೇ ತೆಗೆಯಿರಿ. ಗೇರ್ ಪಂಪ್ ಪ್ರತಿ ಸುತ್ತಿಗೂ ಅಷ್ಟೇ ಡೀಸೆಲ್ ತಳ್ಳುತ್ತದೆ, ದಾರಿ ಮುಚ್ಚಿದರೆ ಒತ್ತಡ ಏರಿ ಪೈಪ್ ಕಿತ್ತು ಬರುತ್ತದೆ. ವಾಲ್ವ್ ಇರಬೇಕಾದದ್ದು ಹೆಚ್ಚಾದ ಡೀಸೆಲ್ ಡಬ್ಬಕ್ಕೆ ಮರಳುವ ಪೈಪಿನಲ್ಲಿ.

ಇನ್ನೊಂದು: ಬೆಂಕಿ ಆರಿದ ಕೂಡಲೇ ಮತ್ತೆ ಹೊತ್ತಿಸಬೇಡಿ. ಒಳಗೆ ನಿಂತ ಡೀಸೆಲ್ ಬಸಿದು, ಬ್ಲೋವರ್‌ನಿಂದ ಚೆನ್ನಾಗಿ ಗಾಳಿ ಹಾಯಿಸಿ. ಅವಸರಪಟ್ಟ ದಿನ ಹಿಂದಿನಿಂದ ಆಳುದ್ದದ ಜ್ವಾಲೆ ಹೊರಟಿತ್ತು. ಮಿಲ್ಲಿನ ಕಾವಲುಗಾರ ಮರಳಿನ ಬಕೆಟ್ ಹಿಡಿದು ಓಡಿ ಬಂದ. ಆ ಬಕೆಟ್ ಅಂದಿನಿಂದ ನನ್ನ ಶೆಡ್ಡಿನಲ್ಲೇ ಇದೆ.